ಹದಿನೇಳು ಖಾಲಿ ಖಾನೆಗಳು

ಅಳಿಸಿದ್ದು ನಾನೇ ಇರಬಹುದೇ? ಮಂಗಳವಾರ ಮಧ್ಯಾಹ್ನ ಆ ಕಂಪ್ಯೂಟರಿನ ಮುಂದೆ ನಾನೂ ಅರ್ಧ ಗಂಟೆ ಕೂತಿದ್ದೆ. ಮನಸ್ಸು ಎಲ್ಲೋ ಇತ್ತು, ಬೆರಳು ಏನನ್ನೋ ಒತ್ತಿರಬಹುದು. ಒತ್ತಿದ ನೆನಪಿಲ್ಲ, ಒತ್ತಲಿಲ್ಲ ಎಂದು ಆಣೆ ಮಾಡಿ ಹೇಳುವಷ್ಟು ಧೈರ್ಯವೂ ಇಲ್ಲ. ಗುರುವಾರ ಬೆಳಿಗ್ಗೆ ಬಿಷ್ಕೆಕ್‌ನ ನಮ್ಮ ಹುಲ್ಲುಗಾವಲು ಸಂಶೋಧನಾ ಸಂಸ್ಥೆಯ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ.

ಲೈಬ್ರರಿಯಲ್ಲಿ ಸೈಕಾಲ್ ನನಗಿಂತ ಮೊದಲೇ ಬಂದು ಸತಾರ್‌ಕುಲ್ ಬಾಯ್ಕೆಯ ಮೇಜಿನ ಮುಂದೆ ನಿಂತಿದ್ದಳು. ಸತಾರ್‌ಕುಲ್ ಮೂವತ್ತು ವರ್ಷದಿಂದ ಇಲ್ಲಿನ ಗ್ರಂಥಸೂಚಿಕಾರರು. ಚಿಕ್ಕವರೆಲ್ಲ ಅವರನ್ನು ಬಾಯ್ಕೆ ಎನ್ನುತ್ತಾರೆ, ಅಣ್ಣ ಎಂದ ಹಾಗೆ. ಕಳೆದುಹೋದ ಟಿಪ್ಪಣಿ ಪುಸ್ತಕವಿರಲಿ, ಕದ್ದ ಗಿಡದ ಮಾದರಿಯಿರಲಿ, ನಮ್ಮ ಕಟ್ಟಡದಲ್ಲಿ ಯಾರೂ ಪೊಲೀಸರ ಹತ್ತಿರ ಹೋಗುವುದಿಲ್ಲ, ಅವರ ಹತ್ತಿರ ಬರುತ್ತಾರೆ. ನಾನು ಅವರ ಸಹಾಯಕ.

"ನಾಳೆ ಹತ್ತು ಗಂಟೆಗೆ ನನ್ನ ಪ್ರಬಂಧ ಮಂಡನೆ ಬಾಯ್ಕೆ," ಎಂದಳು ಸೈಕಾಲ್. "ಇವತ್ತು ನೋಡಿದ್ರೆ ನನ್ನನ್ನ ಕಳ್ಳಿ ಅಂತಿದಾರೆ. ಸಂಜೆಯೊಳಗೆ ಇದು ಇತ್ಯರ್ಥ ಆಗ್ದಿದ್ರೆ ಮಂಡನೆ ರದ್ದು. ಆರು ವರ್ಷದ ಕೆಲಸ!"

"ಕೂತ್ಕೊ ತಂಗಿ. ಮೆದೆರ್, ಚಹಾ ಹಾಕು. ಕಾಗದ ಎಲ್ಲಿ?"

ಅವಳು ಕೊಟ್ಟ ಪ್ರತಿಯನ್ನು ನಾನೇ ಓದಿದೆ. ಬುಧವಾರ ಮಧ್ಯಾಹ್ನ, ಪ್ರಬಂಧಗಳಿಗೆ ಪದವಿ ಕೊಡುವ ಪರಿಷತ್ತಿನ ಕಾರ್ಯದರ್ಶಿ ಎಸೆನ್ ಅದನ್ನು ಎಲ್ಲರ ಮುಂದೆ ಓದಿದ್ದ. ಬಾಗಿಲ ಕೆಳಗಿಂದ ಯಾರೋ ತೂರಿಸಿದ್ದು ಎಂದಿದ್ದ. 'ಸೈಕಾಲ್ ತನ್ನ ಪ್ರಬಂಧದಲ್ಲಿ, ನಮ್ಮನ್ನಗಲಿದ ಇಮಾನ್‌ಕುಲ್ ತೋರೋಯೆವ್ ಅವರ ಹದಿನೇಳು ಲೇಖನಗಳ ಮೇಲಿಂದ ಅವರ ಹೆಸರನ್ನು ಅಳಿಸಿ, ಆ ಕೆಲಸವೆಲ್ಲ ತನ್ನದೆಂಬ ಭ್ರಮೆ ಹುಟ್ಟಿಸಿದ್ದಾಳೆ.' ಸಹಿ ಇರಲಿಲ್ಲ.

"ಅವರ ಹನ್ನೊಂದು ಲೇಖನ ಓದಿ ಓದಿ ನನ್ನ ಕಣ್ಣೇ ಕೆಟ್ಟಿದೆ," ಎಂದಳು ಸೈಕಾಲ್. "ಅವರ ಹೆಸರು ಅಳಿಸಿ ನಾನೇನು ಉದ್ಧಾರ ಆಗ್ಲಿ? ಗ್ರಂಥಸೂಚಿ ತಂತ್ರಾಂಶದಿಂದ ತಾನಾಗೇ ಬರುತ್ತೆ. ಬುಧವಾರ ಬೆಳಿಗ್ಗೆ ಅಚ್ಚು ಹಾಕಿಸಿ ನೇರವಾಗಿ ಪರಿಷತ್ತಿಗೆ ಕೊಟ್ಟೆ. ತೆರೆದು ನೋಡ್ಲಿಲ್ಲ, ಅದೇ ನನ್ನ ತಪ್ಪು."

ಆ ತಂತ್ರಾಂಶದ ಗೋಳು ಹಳೆಯದು. ಸಂಸ್ಥೆಯವರೆಲ್ಲ ಸೇರಿ ಬಳಸುವ ಎರಡು ಸಾವಿರ ಚಿಲ್ಲರೆ ಲೇಖನಗಳ ಭಂಡಾರ ಅದು. ಹೊರಗಿನ ಸೂಚಿಗಳಿಂದ ತಂದಾಗ ನಮ್ಮವರ ಹೆಸರುಗಳು ತಿರುಗುಮುರುಗಾಗುತ್ತಿದ್ದವು: ಕುಲನಾಮದ ಖಾನೆಯಲ್ಲಿ ಸ್ವಂತ ಹೆಸರು, ಸ್ವಂತ ಹೆಸರಿನ ಖಾನೆಯಲ್ಲಿ ಎಂತದೋ ಒಂದಕ್ಷರ. ಸರಿಪಡಿಸಲು ಇದ್ದದ್ದು ಒಂದೇ ದಾರಿ. ಎರಡೂ ಖಾನೆಗಳನ್ನು ಬರಿದು ಮಾಡಿ, ಪೂರ್ತಿ ಹೆಸರನ್ನು ಕೈಯಾರೆ ಹೊಸದಾಗಿ ಬರೆಯಬೇಕು. ಮಂಗಳವಾರ, ಬಿಡುವಿದ್ದವರೆಲ್ಲ ಕೂತು ಈ ಕೆಲಸ ಮುಗಿಸಿ ಎಂದು ನಿರ್ದೇಶಕಿ ಹೇಳಿದ್ದರು. ನಾನು, ಸೈಕಾಲ್, ಎಸೆನ್, ಟೈಪಿಂಗ್ ಮಾಡುವ ಜಿಪಾರ್, ನಾಲ್ವರೂ ಸರದಿಯಲ್ಲಿ ಕೂತಿದ್ದೆವು. ಯಂತ್ರದಲ್ಲಿ ಸೈಕಾಲ್‌ಳ ಖಾತೆ ಸದಾ ತೆರೆದೇ ಇರುವುದರಿಂದ ಯಾರು ಏನೇ ಮಾಡಿದರೂ ದಾಖಲೆಯಲ್ಲಿ ಬೀಳುವುದು ಅವಳ ಹೆಸರು.

ಬಾಯ್ಕೆ ಆ ದಾಖಲೆಯನ್ನು ಒಂದು ಗಂಟೆ ನೋಡಿದರು. ಚಹಾ ಆರಿಹೋಯಿತು.

"ನಾನೂರು ಹೆಸರು ತಿದ್ದಿದಾರೆ," ಎಂದರು ಕೊನೆಗೆ. "ಇನ್ನೂರು ಒಂದೇ ಕೈಯಿಂದ, ಮಧ್ಯಾಹ್ನ ಎರಡರಿಂದ ಐದರೊಳಗೆ. ಒಂದೇ ವೇಗ, ಒಂದೂ ತಪ್ಪಿಲ್ಲ. ಆ ಕೆಲಸದ ನಡುನಡುವೇನೇ ಈ ಹದಿನೇಳು ಬರಿದಾಗಿವೆ. ಬರಿದು ಮಾಡಿದ ಪ್ರತಿಯೊಂದಕ್ಕೂ ಒಂದು ಕೆಂಪು ಗುರುತು. ಆ ಗುರುತುಗಳು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಒಟ್ಟಿಗೆ ಮಾಯ. ಆಗ ನೀನೆಲ್ಲಿದ್ದೆ ತಂಗಿ?"

"ಅಚ್ಚು ಹಾಕೋ ಅಂಗಡೀಲಿ. ಸರದಿ ಉದ್ದ ಇತ್ತು."

ಅವಳು ಹೋದ ಮೇಲೆ ನಾನು ಬಾಯಿ ಬಿಟ್ಟೆ. "ಬಾಯ್ಕೆ, ಮಂಗಳವಾರ ನಾನೂ..."

"ನೀನು ಕೂತಿದ್ದು ಹನ್ನೆರಡಕ್ಕೆ. ತಿದ್ದಿದ್ದು ಹದಿನಾಲ್ಕು ಹೆಸರು, ಅದ್ರಲ್ಲಿ ಮೂರು ತಪ್ಪು. ಇಷ್ಟು ಅಚ್ಚುಕಟ್ಟಾದ ಪಾಪ ನಿನ್ನ ಕೈಲಿ ಆಗೋದಲ್ಲ ಬಿಡು."

ಕಾರಿಡಾರಿನಲ್ಲಿ ಎಸೆನ್ ಎದುರಾದ. "ಏನೋ ಲೈಬ್ರರಿ ಇಲಿ, ಮುದುಕಪ್ಪ ಏನಾದ್ರೂ ವಾಸನೆ ಹಿಡಿದ್ನಾ?" ಎಂದು ನನ್ನ ಬೆನ್ನು ತಟ್ಟಿದ. "ಪಾಪದ ಹುಡುಗಿ. ನಾನಂತೂ ಆ ಕಾಗದ ಓದ್ಬಾರ್ದು ಅಂತಿದ್ದೆ. ಕರ್ತವ್ಯ, ಏನ್ಮಾಡೋದು?" ಬೆಟ್ಟದ ಮೇಲಿನ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಸೈಕಾಲ್‌ಗೆ ಪದವಿ ಸಿಕ್ಕಿದರೆ ಆ ಹುದ್ದೆ ಅವಳದು, ಸಿಗದಿದ್ದರೆ ಎಸೆನ್‌ನದು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಾಕ್ಷಿಯಾಗುವುದಿಲ್ಲವಲ್ಲ.

ಮಧ್ಯಾಹ್ನ ಬಾಯ್ಕೆ ಜಿಪಾರ್ ಎಜೆಯನ್ನು ಕರೆಸಿದರು. ನಲವತ್ತರ ಹೆಂಗಸು, ವರ್ಷವರ್ಷ ನವೀಕರಿಸುವ ಗುತ್ತಿಗೆಯ ಟೈಪಿಂಗ್ ಕೆಲಸ. ನಾನು ಅವರನ್ನು ಅಕ್ಕನಂತೆ ಎಜೆ ಎನ್ನುತ್ತಿದ್ದೆ. ಅವರು ತೋರೋಯೆವ್ ಅವರ ಕಿರಿಸೊಸೆ. ಆ ಹೆಸರನ್ನು ಇವರಂತೂ ಅಳಿಸಲಾರರು ಎಂದು ನಾನು ಎಣಿಸಿದ್ದೆ.

"ಕಪಾಟಿನ ಲೇಖಕರ ಹೆಸರಿನ ಚೀಟಿಗಳನ್ನ ಓದ್ತಾ ಹೋಗಮ್ಮ, ನಾನು ಗುರುತು ಹಾಕ್ಕೊಳ್ತೀನಿ," ಎಂದರು ಬಾಯ್ಕೆ. "ನನ್ನ ಕನ್ನಡಕ ಮನೇಲೇ ಉಳೀತು."

ಕನ್ನಡಕ ಅವರ ಜೇಬಿನಲ್ಲಿತ್ತು. ತುದಿ ನನಗೆ ಕಾಣುತ್ತಿತ್ತು. ಜಿಪಾರ್ ಎಜೆ ಸರಾಗವಾಗಿ ಓದಿದರು. ಇಪ್ಪತ್ತು, ಮೂವತ್ತು ಚೀಟಿ. ಒಂದರ ಹತ್ತಿರ ನಿಂತರು. ಅದನ್ನು ನನ್ನ ಕಡೆ ತಿರುಗಿಸಿ ಹಿಡಿದು, "ಇದನ್ನ ಮೆದೆರ್ ಓದ್ಲಿ," ಎಂದರು. ಅವರ ಕಿವಿ ಕೆಂಪಾಗಿತ್ತು. ನಾನು ಓದಿದೆ. ಬಾಯ್ಕೆ ಏನೂ ಆಗದವರಂತೆ ಗುರುತು ಹಾಕಿಕೊಂಡರು. ಕೈಗೆ ಬಂದಿದ್ದ ಉತ್ತರವನ್ನು ನಾನೇ ಓದಿ ಬದಿಗಿಟ್ಟಿದ್ದೆ ಎಂದು ಆಗ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ನಿರ್ದೇಶಕಿ ರಾಯ್ಕಾನ್ ಎಜೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮೇಜಿನ ಮೇಲೆ ಚಹಾ, ರೊಟ್ಟಿ, ಯಾರೂ ಮುಟ್ಟಲಿಲ್ಲ. ನಡಾವಳಿ ಬರೆಯುವ ಕೆಲಸ ನನಗೆ ಬಿತ್ತು.

"ಕಳ್ಳ ಏನು ಮಾಡ್ತಾನೆ?" ಎಂದು ಶುರು ಮಾಡಿದರು ಬಾಯ್ಕೆ. "ಬೇರೆಯವರ ಹೆಸರು ತೆಗೆದು ತನ್ನ ಹೆಸರು ಹಾಕ್ತಾನೆ. ಇಲ್ಲಿ ಹಾಗಾಗಿಲ್ಲ. ತೆಗೆದು ಸುಮ್ನೆ ಬಿಟ್ಟಿದಾರೆ. ದ್ವೇಷ ಇದ್ದವ್ರು ಏನು ಮಾಡ್ತಾರೆ? ಕದ್ದು ಮುಚ್ಚಿ ಮಾಡ್ತಾರೆ. ಇಲ್ಲಿ ಕೆಂಪು ಗುರುತು ಹಾಕಿ ತೋರಿಸಿದಾರೆ. ಇನ್ನೂರು ಹೆಸರನ್ನ ಅಷ್ಟು ಶ್ರದ್ಧೆಯಿಂದ ತಿದ್ದಿದ ಕೈ ಇದು. ತಪ್ಪಾಗಿದ್ದನ್ನ ಅಳಿಸೋಕೆ ಆ ಕೈಗೆ ಆಯ್ತು. ಸರಿಯಾದ್ದನ್ನ ಬರೆಯೋಕೆ ಆಗ್ಲಿಲ್ಲ. ಒಬ್ಬ ಹಿರಿಯರ ಹೆಸರನ್ನ ಮಾತ್ರ. ನಮ್ಮಲ್ಲಿ ಯಾರಿಗೆ ಹಾಗಾಗುತ್ತೆ, ರಾಯ್ಕಾನ್?"

ನಿರ್ದೇಶಕಿ ನಿಧಾನವಾಗಿ ಜಿಪಾರ್ ಎಜೆಯ ಕಡೆ ತಿರುಗಿದರು. ನನ್ನ ಅಮ್ಮ ನೆನಪಾದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಅಜ್ಜನ ಹೆಸರು ನಾನು ಕೇಳಿಲ್ಲ. ಮಾವನ ಹೆಸರನ್ನು ಸೊಸೆ ಹೇಳುವುದಿಲ್ಲ, ಮಾವ ತೀರಿಹೋದ ಮೇಲೂ. ಮಧ್ಯಾಹ್ನ ಜಿಪಾರ್ ಎಜೆ ನನ್ನಿಂದ ಓದಿಸಿದ ಚೀಟಿಯಲ್ಲಿದ್ದದ್ದೂ ಅವರ ಮಾವನ ಹೆಸರೇ.

"ಬಾಯಲ್ಲಿ ಹೇಳದ ಹೆಸರನ್ನ ಬೆರಳಲ್ಲಿ ಹೇಗೆ ಬರೀಲಿ?" ಜಿಪಾರ್ ಎಜೆಯ ದನಿ ಒಡೆದಿತ್ತು. "ಬೇರೆಯವ್ರು ತುಂಬಿಸ್ಲಿ ಅಂತ ಗುರುತು ಹಾಕ್ದೆ. ಹದಿನೇಳರ ಸಂಖ್ಯೆ ಚೀಟೀಲಿ ಬರೆದು ಸಂಜೆ ಎಸೆನ್ ಕೈಗೆ ಕೊಟ್ಟೆ. ಆಗ್ಲಿ ಅಂದ್ರು."

"ನಿನ್ನೇನೇ ಯಾಕೆ ಹೇಳ್ಲಿಲ್ಲ?" ಎಂದಳು ಸೈಕಾಲ್.

"ಮಾವನ ಹೆಸರು ಅಳಿಸಿದ ಸೊಸೆ ಅಂತ ಊರೆಲ್ಲ ಆಡ್ಕೊಳುತ್ತೆ, ಕೆಲ್ಸಾನೂ ಹೋಗುತ್ತೆ, ಬಾಯಿ ಮುಚ್ಕೊಂಡಿರು ಅಂದ್ರು ಇವ್ರು. ಹೆದರ್ಕೊಂಡೆ ಸೈಕಾಲ್. ನಿನ್ನ ಮುಖ ನೋಡೋಕೆ ಆಗ್ತಿಲ್ಲ."

ಎಸೆನ್ ನಕ್ಕ. "ಚೆನ್ನಾಗಿದೆ ಕತೆ! ಯಾವ ಚೀಟಿ? ಯಾರು ನೋಡಿದಾರೆ?"

"ಚೀಟಿ ಬೇಡ. ಕಾಗದ ಸಾಕು," ಎಂದರು ಬಾಯ್ಕೆ. "ಸೈಕಾಲ್, ನಿನ್ನ ಪ್ರಬಂಧದಲ್ಲಿ ಆ ಹಿರಿಯರ ಎಷ್ಟು ಲೇಖನ ಬಳಸಿದೀಯ?"

"ಹನ್ನೊಂದು."

"ಪ್ರಬಂಧ ನೋಡಿ ದೂರು ಬರೆದವ್ರಿಗೆ ಕಾಣೋದು ಹನ್ನೊಂದು ಖಾಲಿ ಜಾಗ. ಅದೂ ಯಾರದು ಅಂತ ತಿಳೀಬೇಕಾದ್ರೆ ಶೀರ್ಷಿಕೆ ಹುಡುಕ್ಬೇಕು. ಕಾಗದದಲ್ಲಿ ಇರೋದು ಹದಿನೇಳು. ಉಳಿದ ಆರು ಆ ಪ್ರಬಂಧದಲ್ಲೇ ಇಲ್ಲ, ಭಂಡಾರದಲ್ಲಿವೆ. ಎರಡು ಸಾವಿರ ಲೇಖನದ ನಡುವೆ ಹದಿನೇಳು ಅಂತ ಗೊತ್ತಿದ್ದವ್ರು ಇಬ್ಬರೇ. ಪಟ್ಟಿ ಬರೆದವಳು, ಪಟ್ಟಿ ಇಸ್ಕೊಂಡವನು. ತನ್ನ ಮಾವನ ಹೆಸರನ್ನ ಬರೆಯೋಕಾಗದವಳು ಕಾಗದದಲ್ಲಿ ಅದನ್ನ ಪೂರ್ತಿ ಬರೀತಾಳಾ? ಇಲ್ಲ. ಹಾಗಾದ್ರೆ ಬರೆದವನು ಉಳಿದವನು. ಖಾನೆ ತುಂಬದೆ ಗುರುತು ಮಾತ್ರ ತೆಗೆದವನೂ ಅವನೇ. ಯಾರಾದ್ರೂ ನೋಡಿ ತುಂಬಿಸಿಬಿಟ್ರೆ ಅನ್ನೋ ಭಯ."

ಎಸೆನ್ ರೊಟ್ಟಿಯ ಚೂರೊಂದನ್ನು ಮುರಿದು ಪುಡಿ ಮಾಡುತ್ತಿದ್ದ.

"ನಾನೇನೂ ಅಳಿಸಿಲ್ಲ," ಎಂದ.

"ಇಲ್ಲ. ಬಂದ ಕೆಲಸ ಮಾಡ್ದೆ ಸುಮ್ನಿದ್ದೆ. ಆ ಮೌನದ ಮೇಲೆ ಒಂದು ಕಾಗದ ಬರೆದೆ."

ನಿರ್ದೇಶಕಿ ಎದ್ದು ಬಾಗಿಲು ತೆರೆದು ಹಿಡಿದರು. "ನಾಳೆ ಪರಿಷತ್ತಿಗೆ ಬೇರೆ ಕಾರ್ಯದರ್ಶಿ ಇರ್ತಾರೆ. ಬೆಟ್ಟದ ಕೇಂದ್ರದ ಅರ್ಜಿ ವಾಪಸ್ ತಗೊಳಿ ಎಸೆನ್, ನಾನು ಹರಿದು ಹಾಕೋ ಮೊದ್ಲು. ಜಿಪಾರ್, ನಿನ್ನ ಗುತ್ತಿಗೆಗೆ ಇವತ್ತೇ ಸಹಿ ಹಾಕ್ತೀನಿ, ಅಳ್ಬೇಡ."

ಅವನು ಹೋದ. ಸೈಕಾಲ್ ಬಹಳ ಹೊತ್ತು ಜಿಪಾರ್ ಎಜೆಯನ್ನು ನೋಡುತ್ತ ಕೂತಿದ್ದಳು. ಆಮೇಲೆ ಆರಿದ ಚಹಾ ಚೆಲ್ಲಿ, ಬಿಸಿಯದನ್ನು ಬಗ್ಗಿಸಿ, ಎರಡೂ ಕೈಯಿಂದ ಬಟ್ಟಲನ್ನು ಅವರ ಮುಂದಿಟ್ಟಳು.

ಹದಿನೇಳು ಹೆಸರುಗಳನ್ನು ನಾನೇ ತುಂಬಿಸಿದೆ. ಜಿಪಾರ್ ಎಜೆ ಪಕ್ಕದಲ್ಲಿ ನಿಂತು ಸಂಖ್ಯೆಗಳನ್ನು ಹೇಳಿದರು, ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿದರು. ಪ್ರಬಂಧ ಮತ್ತೆ ಅಚ್ಚಾಯಿತು. ಶುಕ್ರವಾರ ಪರಿಷತ್ತು ಸೈಕಾಲ್‌ಗೆ ಒಮ್ಮತದಿಂದ ಪದವಿ ಕೊಟ್ಟಿತು.

ಸೋಮವಾರ, ನಿರ್ದೇಶಕಿಯ ಕೋಣೆಯಲ್ಲಿ ನಡೆದ ಸಭೆಯ ನಡಾವಳಿಯನ್ನು ಶುದ್ಧಪ್ರತಿ ಮಾಡಲು ಕೂತೆ. ಬಾಯ್ಕೆ ಆಡಿದ ಪ್ರತಿ ಮಾತನ್ನೂ ಬರೆದುಕೊಂಡಿದ್ದೆ. ಯಾರ ಹೆಸರಿನಿಂದ ಇಷ್ಟೆಲ್ಲ ಆಯಿತೋ ಅದನ್ನು ಕಾಗದದಲ್ಲಿ ಹುಡುಕಿದೆ. ಆ ಒಂದು ಗಂಟೆಯಲ್ಲಿ, ಜಿಪಾರ್ ಎಜೆಯ ಎದುರಿಗೆ, ಸತಾರ್‌ಕುಲ್ ಬಾಯ್ಕೆ ಇಮಾನ್‌ಕುಲ್ ಎಂಬ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ.