ಅವಳು ಕೇಳದ ಕ್ಷಮೆ

ಓದುಗರೇ, ನಿಮ್ಮ ಮನೆಯ ಹೆಣ್ಣುಮಗಳ ಪರವಾಗಿ, ಅವಳನ್ನು ಒಂದು ಮಾತೂ ಕೇಳದೆ, ನೀವು ಎಷ್ಟು ಸಲ ಕ್ಷಮೆ ಯಾಚಿಸಿದ್ದೀರಿ? 'ಅವಳದೇ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ' ಎಂದು ಎಷ್ಟು ಜನರ ಮುಂದೆ ಹೇಳಿ ಬಂದಿದ್ದೀರಿ? ಬಂದು, ಅದಕ್ಕೆ ಪ್ರೀತಿ ಎಂದು ಹೆಸರಿಟ್ಟಿದ್ದೀರಲ್ಲವೇ?

ಹಾಗಿದ್ದರೆ ಕೇಳಿ.

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಅವಳಿಗೆ ಅಂದು ವಾರದ ರಜೆ. ಪೇಟೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಳು. ಡ್ರೈವರನ ತಲೆಯ ಮೇಲಿದ್ದ ರೇಡಿಯೊದಲ್ಲಿ ಹಾಡು ಮುಗಿದು, ಒಂದು ಹೆಣ್ಣು ದನಿ ಕೇಳಿಸಿತು.

"ಕ್ಷಮಿಸಿ... ಬಸ್ ನಿಲ್ದಾಣದ ಬಗ್ಗೆ ನಾನು ಹೇಳಿದ್ದು ತಪ್ಪಾಗಿತ್ತು."

ಅವಳ ಕೈಯಲ್ಲಿದ್ದ ಟಿಕೆಟ್ಟು ಜಾರಿ ಬಿತ್ತು.

ಅದು ಅವಳದೇ ದನಿ! ಆದರೆ ಆ ಮಾತನ್ನು ಅವಳು ಎಂದೂ ಆಡಿರಲಿಲ್ಲ!

ಊರಿನ ಬಾನುಲಿ ನಿಲಯದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವ ನಿರೂಪಕಿ ಅವಳು. ಕಡ್ಡಿ ಮುರಿದಂತೆ ಮಾತನಾಡುವ ಗುಣದಿಂದಾಗಿ ನಿಲಯದವರೆಲ್ಲ ಅವಳನ್ನು 'ಕಡ್ಡಿ' ಎಂದೇ ಕರೆಯುತ್ತಿದ್ದರು. ಹಿಂದಿನ ವಾರ ಅವಳು ಮುರಿದ ಕಡ್ಡಿ ಇದು: ಬಸ್ ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ದಿನವಿಡೀ ಬೀಗ, ಕೀಲಿ ಗುತ್ತಿಗೆದಾರನ ಜೇಬಿನಲ್ಲಿ, ಬಾಗಿಲು ತೆರೆಯುವುದು ಅಧಿಕಾರಿಗಳು ತಪಾಸಣೆಗೆ ಬಂದಾಗ ಮಾತ್ರ. ಆ ಗುತ್ತಿಗೆದಾರನೇ ನಿಲಯದ ಬೆಳಗಿನ ಹಾಡುಗಳ ಪ್ರಾಯೋಜಕ!

ಟಿಕೆಟ್ ಯಂತ್ರವನ್ನು ಎದೆಗವಚಿಕೊಂಡು ಕಂಡಕ್ಟರಮ್ಮ ಅವಳ ಬಳಿ ಬಂದು ನಿಂತಳು. ಶೌಚಾಲಯದ ಸಂಗತಿಯನ್ನು ಅವಳಿಗೆ ತಿಳಿಸಿದವಳೇ ಈಕೆ.

"ಏನಮ್ಮಾ ಕಡ್ಡಿ, ಇಷ್ಟು ಬೇಗ ಬಗ್ಗಿಬಿಟ್ಯಾ?"

"ಅಕ್ಕಾ, ಆಣೆ ಮಾಡಿ ಹೇಳ್ತೀನಿ, ನಾನು ಹಾಗೆ ಹೇಳಿಲ್ಲ!"

"ನನಗೇನು ಕಿವಿ ಕೆಟ್ಟಿದ್ಯಾ? ಸುಳ್ಳು ಹಬ್ಬಿಸಿದ್ದೀಯ ಅಂತ ನಾಳೆ ಹತ್ತು ಗಂಟೆಗೆ ಡಿಪೋದಲ್ಲಿ ನನ್ನ ವಿಚಾರಣೆ ಇದೆ. ರೇಡಿಯೊದವಳೇ ನನ್ನ ಸಾಕ್ಷಿ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೆ... ಕೆಲಸ ಹೋದ್ರೆ ನಿನ್ನ 'ಕ್ಷಮಿಸಿ'ನ ಬೇಯಿಸಿಕೊಂಡು ತಿನ್ನಲಾ?"

ಬಸ್ಸಿನಲ್ಲಿದ್ದ ಕಣ್ಣುಗಳೆಲ್ಲ ಅವಳ ಮೇಲಿದ್ದವು. ಮುಂದಿನ ನಿಲ್ದಾಣದಲ್ಲೇ ಇಳಿದು ಅವಳು ನಿಲಯದ ಕಡೆಗೆ ಧಾವಿಸಿದಳು.

ಧ್ವನಿಮುದ್ರಣ ಕೋಣೆಯಲ್ಲಿ ಕಾರ್ಯಕ್ರಮ ಮುಖ್ಯಸ್ಥ ಒಬ್ಬನೇ ಕುಳಿತಿದ್ದ. ಹೆಡ್‌ಫೋನ್ ಕೊರಳಿಗೆ ಜೋತುಬಿದ್ದಿತ್ತು. ಅವಳನ್ನು ಕಂಡೊಡನೆ ಎದ್ದು ನಿಂತ.

"ಆ 'ಕ್ಷಮಿಸಿ' ಎಲ್ಲಿಂದ ತಂದ್ರಿ, ಸರ್?"

ಅವನು ಸುಳ್ಳು ಹೇಳಲಿಲ್ಲ. "ಹೋದ ತಿಂಗಳು ಮಾತಿನ ಮಧ್ಯೆ ಸೀನಿದ್ರಲ್ಲ... ಆಗ ಹೇಳಿದ್ದು."

"'ನಾನು ಹೇಳಿದ್ದು ತಪ್ಪಾಗಿತ್ತು'?"

"ಗ್ರಂಥಾಲಯದ ವೇಳೆಯನ್ನ ತಪ್ಪು ಓದಿ, ಮಾರನೇ ದಿನ ತಿದ್ದಿದ್ರಿ. ಅದು."

"ಉಳಿದದ್ದು ನನ್ನ ವರದಿಯಿಂದಲೇ ಕತ್ತರಿಸಿದ್ದು! ಅಲ್ವಾ?"

ಅವನು ತಲೆ ತಗ್ಗಿಸಿದ.

ಅವಳ ಮೈ ಉರಿದುಹೋಯಿತು. ಎಂಥ ಕೈಚಳಕ! ಬೆಸುಗೆ ಎಲ್ಲಿಯೂ ಕಾಣದು. ಅವಳು ಎಲ್ಲಿ ಉಸಿರೆಳೆಯುತ್ತಾಳೆ, ಯಾವ ಪದಕ್ಕೆ ಮುಂಚೆ ಅರೆಗಳಿಗೆ ತಡೆಯುತ್ತಾಳೆ... ಅದನ್ನೆಲ್ಲ ಬಲ್ಲವನು ಮಾತ್ರ ಮಾಡಬಲ್ಲ ಕೆಲಸವದು. ಮೊದಲ ದಿನ ಒಂದೇ ವಾಕ್ಯವನ್ನು ಹನ್ನೊಂದು ಸಲ ಓದಿಸಿ, ಅವಳು ಸಿಟ್ಟಿನಿಂದ ಎದ್ದು ಹೊರಟಾಗ ಗೇಟಿನವರೆಗೆ ಓಡಿಬಂದು, "ನಾನು ಹೇಳಿದ ಹಾಗೆ ಬೇಡ, ನಿಮಗೆ ಹೇಗೆ ಬರುತ್ತೋ ಹಾಗೇ ಹೇಳಿ. ಅದೇ ಸರಿ" ಎಂದಿದ್ದವನು ಇವನೇ. ಅಂದಿನಿಂದ ಮೂರು ವರ್ಷ ಸ್ಟುಡಿಯೊ ಗಾಜಿನ ಆಚೆ ಕುಳಿತು ಅವಳ ಮಾತನ್ನು ಇಷ್ಟು ಮನಸ್ಸಿಟ್ಟು ಕೇಳಿದ್ದಾನೆ...

ಕೇಳಿ ಕಲಿತ ವಿದ್ಯೆಯನ್ನು ಇದಕ್ಕೆ ಬಳಸಿದನೇ!

"ಯಾಕೆ?"

"ನಿರ್ದೇಶಕರು ನಿನ್ನೆ ಸಂಜೆ ಕರೆದ್ರು. ಬೆಳಿಗ್ಗೆ ಕ್ಷಮೆ ಪ್ರಸಾರ ಆಗ್ಬೇಕು, ಇಲ್ಲಾಂದ್ರೆ ನಿಮ್ಮನ್ನ ವಜಾ ಮಾಡ್ತೀನಿ ಅಂದ್ರು. ನಿಮ್ಮನ್ನ ಕೇಳಿದ್ರೆ ಒಪ್ತಿದ್ರಾ?"

"ಇಲ್ಲ!"

"ಅದಕ್ಕೇ ಕೇಳಲಿಲ್ಲ."

"ಇಲ್ಲ ಅಂತಾಳೆ ಅಂತ ಗೊತ್ತಿದ್ದೂ ತಗೊಂಡ್ರೆ ಅದಕ್ಕೆ ಏನಂತಾರೆ ಗೊತ್ತಾ ಸರ್? ಕಳ್ಳತನ ಅಂತಾರೆ! ನನ್ನ ಕೆಲಸ ಉಳಿಸೋಕೆ ನನ್ನ ಬಾಯನ್ನೇ ಕಿತ್ಕೊಂಡ್ರಾ? ನಾಳೆ ವಿಚಾರಣೇಲಿ ಆ ಕಂಡಕ್ಟರಮ್ಮನ ಕೆಲಸ ಹೋದ್ರೆ ಅದನ್ನ ಯಾವ ಸೀನಿನಿಂದ ಕತ್ತರಿಸಿ ತರ್ತೀರಿ?"

"ವಿಚಾರಣೆ ವಿಷಯ ನನಗೆ ಗೊತ್ತಿರಲಿಲ್ಲ... ನಿನ್ನನ್ನ ಕಳ್ಕೊಳ್ಳೋ ಧೈರ್ಯ ನನಗಿರಲಿಲ್ಲ. ಗಾಜಿನ ಆಚೆ ನೀನಿಲ್ಲ ಅಂದ್ರೆ..."

ನೀನು!

ಈ ಒಂದು ಶಬ್ದಕ್ಕಾಗಿ ಅವಳು ಎಷ್ಟು ದಿನ ಕಾದಿದ್ದಳು... ಬಂದದ್ದು ಇಂದು, ಇಂಥ ಹೊತ್ತಿನಲ್ಲಿ!

"'ನೀವು' ಅಂತಲೇ ಕರೀರಿ," ಎಂದಳು. ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡು ಎರಡೇ ಸಾಲಿನಲ್ಲಿ ರಾಜೀನಾಮೆ ಬರೆದು, ಅವನ ಮುಂದಿಟ್ಟು ಹೊರನಡೆದಳು.

ಮನೆಯಲ್ಲಿ ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಎಲ್ಲವನ್ನೂ ಕೇಳಿದ ಮೇಲೆ ಕತ್ತರಿಯನ್ನು ಪಕ್ಕಕ್ಕಿಟ್ಟರು.

"ಬಟ್ಟೆ ಕತ್ತರಿಸಿ ಹೊಲಿಯೋದು ನನ್ನ ಕಸುಬು. ಮಾತನ್ನೇ ಕತ್ತರಿಸಿ ಹೊಲಿಯೋನು ನಿನಗೆ ಸಿಕ್ಕಿದ್ನಲ್ಲೇ! ನಾನಾದ್ರೂ ಅಳತೆ ಕೇಳ್ತೀನಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಸಂಜೆ ಅವನ ಫೋನು ಬಂದಾಗ ತಾಯಿಯೇ ಎತ್ತಿಕೊಂಡರು. "'ಅವಳಿಗೆ ಹೇಳಿ' ಅಂದ್ರೆ ನಾನು ಹೇಳಲ್ಲಪ್ಪ. ಅವಳ ಪರವಾಗಿ ಮಾತಾಡಿ ಒಬ್ಬರು ಮಾಡಿರೋ ಘನಕಾರ್ಯ ಸಾಕು. ಅವಳನ್ನೇ ಕೇಳು."

ಅವಳು ಫೋನನ್ನು ಕಿವಿಗಿಟ್ಟುಕೊಂಡಳು.

"ನಾಳೆ ಎಂಟೂ ಹತ್ತಕ್ಕೆ ನಾನೇ ಮೈಕಿನ ಮುಂದೆ ಕೂತ್ಕೋತೀನಿ," ಎಂದ ಅವನು. "ತಪ್ಪು ನನ್ನದು, ನಾನೇ ಹೇಳ್ಬೇಕು. ಆದ್ರೆ ನಿಮ್ಮ ವಿಷಯ ಬರುತ್ತೆ. ಅದಕ್ಕೆ ಕೇಳ್ತಿದ್ದೀನಿ... ಹೇಳಲಾ?"

ಕೇಳಿದ! ಈ ಬಾರಿ ಕೇಳಿದ!

"ನಿಮ್ಮ ಕೆಲಸ?"

"ಹೋಗುತ್ತೆ."

ಅವಳ ದನಿ ಸಡಿಲವಾಗಲಿಲ್ಲ. "ಹೇಳಿ. ಆದ್ರೆ ನನ್ನನ್ನ ಹೊಗಳಬೇಡಿ. ಪ್ರೀತಿ ಗೀತಿ ಅಂತ ಒಂದಕ್ಷರ ಬೇಡ. ಮಾಡಿದ್ದನ್ನ ಮಾಡಿದ ಹಾಗೇ ಹೇಳಿ."

ಮರುದಿನ ಬೆಳಿಗ್ಗೆ ಅವಳು ಬಸ್ ನಿಲ್ದಾಣದ ಕ್ಯಾಂಟೀನಿನ ಮುಂದೆ ಕಂಡಕ್ಟರಮ್ಮನ ಪಕ್ಕದಲ್ಲಿ ನಿಂತಿದ್ದಳು. ಕಂಡಕ್ಟರಮ್ಮ ಇನ್ನೂ ಮುಖ ಕೊಟ್ಟು ಮಾತನಾಡಿರಲಿಲ್ಲ. ಎಂಟೂ ಹತ್ತಕ್ಕೆ ಕ್ಯಾಂಟೀನಿನ ರೇಡಿಯೊದಲ್ಲಿ ಮೈಕಿಗೆ ಪಳಗದ ಒಂದು ದನಿ ತಡವರಿಸುತ್ತ ಬಂತು.

"ನಾನು ಈ ನಿಲಯದ ಕಾರ್ಯಕ್ರಮ ಮುಖ್ಯಸ್ಥ. ನಿನ್ನೆ ನೀವು ಕೇಳಿದ ಕ್ಷಮೆ ನಮ್ಮ ನಿರೂಪಕಿಯದಲ್ಲ. ಅವರ ಹಳೆಯ ಮಾತುಗಳನ್ನು ಕತ್ತರಿಸಿ, ಜೋಡಿಸಿ, ಅವರ ಒಪ್ಪಿಗೆಯಿಲ್ಲದೆ ಪ್ರಸಾರ ಮಾಡಿದವನು ನಾನು. ಹಾಗೆ ಮಾಡಲು ಆದೇಶವಿತ್ತು. ಒಲ್ಲೆ ಎನ್ನಬಹುದಿತ್ತು, ಎನ್ನಲಿಲ್ಲ. ಅವರ ವರದಿ ಸತ್ಯ. ಅದನ್ನು ಈಗ ಪೂರ್ತಿಯಾಗಿ ಮತ್ತೊಮ್ಮೆ ಕೇಳಿ."

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಕಂಡಕ್ಟರಮ್ಮ ಅವಳ ಮೊಣಕೈ ಹಿಡಿದುಕೊಂಡಳು. "ನಡಿ, ಡಿಪೋಗೆ. ನಿನ್ನೆ ಅಂದಿದ್ದನ್ನ ಆಮೇಲೆ ವಾಪಸ್ ತಗೋತೀನಿ, ಈಗ ಪುರುಸೊತ್ತಿಲ್ಲ."

ಹತ್ತು ಗಂಟೆಗೆ ವಿಚಾರಣೆಯ ಕೋಣೆಗೆ ಇಬ್ಬರಲ್ಲ, ರೇಡಿಯೊ ಕೇಳಿ ಜೊತೆಗೂಡಿದ ನಲವತ್ತು ಹೆಂಗಸರು ನುಗ್ಗಿದರು. ಎಲ್ಲರದೂ ಒಂದೇ ಪ್ರಶ್ನೆ: ಕೀಲಿ ಎಲ್ಲಿ? ಡಿಪೋ ಅಧಿಕಾರಿ ಬೇರೆ ದಾರಿ ಕಾಣದೆ ಗುತ್ತಿಗೆದಾರನನ್ನು ನಿಲ್ದಾಣಕ್ಕೆ ಕರೆಸಿ ಶೌಚಾಲಯದ ಬೀಗ ತೆಗೆಸಿದ. ಒಳಗಿದ್ದ, ಒಂದು ದಿನವೂ ಬಳಸದ ಬಕೆಟ್ಟಿನ ಮೇಲೆ ಅಂಗಡಿಯ ಚೀಟಿ ಹಾಗೆಯೇ ಅಂಟಿಕೊಂಡಿತ್ತು! ಕಂಡಕ್ಟರಮ್ಮನ ವಿಚಾರಣೆ ಅಲ್ಲಿಗೇ ಮುಗಿಯಿತು. ಕೀಲಿಯೂ ಅವಳ ಕೈಗೇ ಬಂತು.

ಅಲ್ಲಿಂದ ನಿರೂಪಕಿ ನಿಲಯಕ್ಕೆ ಬಂದಾಗ, ಮುಖ್ಯಸ್ಥ ಅಮಾನತಿನ ಪತ್ರವನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದ. ಅವನ ಹಿಂದೆಯೇ ನಿರ್ದೇಶಕರು ಹಲ್ಲುಬಿಡುತ್ತ ಬಂದರು.

"ಬಾಮ್ಮಾ! ಬೆಳಗ್ಗಿಂದ ಊರಿಗೆ ಊರೇ ಫೋನ್ ಮಾಡ್ತಿದೆ. ಆ ರಾಜೀನಾಮೆ ಹರಿದು ಹಾಕ್ತೀನಿ. ಆಗಿದ್ದೆಲ್ಲ ಮರೆತುಬಿಡೋಣ."

"ನನಗೆ ಮರೆವಿನ ಕಾಯಿಲೆ ಇಲ್ಲ ಸರ್. ಆ ಆದೇಶ ಕೊಟ್ಟಿದ್ದು ಯಾರು ಅಂತ ನಿಮ್ಮ ಬಾಯಲ್ಲೇ, ಮೈಕಿನ ಮುಂದೆ ಹೇಳಿ. ಇವರ ಅಮಾನತು ವಾಪಸ್ ತಗೊಳ್ಳಿ. ಆಮೇಲೆ ನಾನು ಯೋಚನೆ ಮಾಡ್ತೀನಿ."

ನಿರ್ದೇಶಕರ ಹಲ್ಲು ಒಳಗೆ ಹೋಯಿತು. ಅವರೂ ಒಳಗೆ ಹೋದರು.

ಮೆಟ್ಟಿಲ ಬಳಿ ಇಬ್ಬರೇ ಉಳಿದರು.

"ಕೋಪ ಹೋಯ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲ. ಇನ್ನೂ ಒಂದು ವರ್ಷಕ್ಕಾಗೋಷ್ಟಿದೆ."

"ವರ್ಷಪೂರ್ತಿ ಬೈಸ್ಕೊಳ್ಳೋಕೆ ನಾನು ಹತ್ತಿರದಲ್ಲೇ ಇರ್ಬೇಕಲ್ವಾ... ಕಡ್ಡಿ... ನಿಮ್ಮನ್ನ ಪ್ರೀತಿಸ್ತೀನಿ. ನನ್ನನ್ನ ಮದುವೆ ಆಗ್ತೀರಾ? ಇಲ್ಲ ಅಂದ್ರೂ ಸರಿ. ಉತ್ತರ ನಿಮ್ಮದೇ ಆಗಿರ್ಲಿ."

ಅವಳು ಬೇಕೆಂದೇ ತಡಮಾಡಿದಳು. ಅವನು ಆ ಮೌನವನ್ನು ತುಂಬಲು ಹೋಗಲಿಲ್ಲ, ಸುಮ್ಮನೆ ಕಾದ.

"ಆಗ್ತೀನಿ," ಎಂದಳು. ಕಣ್ಣು ತುಂಬಿ ಬಂದಿತ್ತು. "ಈಗ 'ನೀನು' ಅನ್ನಬಹುದು."

"ನೀನು..." ಎಂದ ಅವನು. ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಓದುಗರೇ, ಇವರ ಸುಖಕ್ಕೆ ಕಣ್ಣೊರೆಸಿಕೊಂಡು ಪುಟ ತಿರುವಿಬಿಡಬೇಡಿ. ನಾಳೆ ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಹೋದಾಗ ಹೆಂಗಸರ ಆ ಬಾಗಿಲ ಕಡೆಗೊಮ್ಮೆ ನೋಡಿ. ಬೀಗ ಬಿದ್ದಿದ್ದರೆ, ಕೀಲಿ ಯಾರ ಬಳಿಯಿದೆ ಎಂದು ನಾಲ್ಕು ಜನರಿಗೆ ಕೇಳುವಂತೆ ಗಟ್ಟಿಯಾಗಿ ಕೇಳಿ. ಬಾಗಿಲು ತೆರೆಯುವವರೆಗೂ ಅಲ್ಲಿಂದ ಕದಲಬೇಡಿ.