ಇಂಡಿಯಲ್ಲಿ ಬಿಟ್ಟ ಪಂಪು

ಇಂಡಿ ಬಸ್ ಸ್ಟ್ಯಾಂಡಿನ ಎದುರು ಮುತ್ತುರಾಜನ ಸೈಕಲ್ ಅಂಗಡಿ. ಅವನ ಎದೆ ಜೋರಾಗಿ ಹೊಡೆದುಕೊಳ್ಳುವುದಕ್ಕೂ ಒಂದು ಟೈಮಿತ್ತು: ಶನಿವಾರ, ಶಾಲೆ ಬಿಟ್ಟ ಮೇಲೆ. ಆ ಹೊತ್ತಿಗೆ ಆಟದ ಟೀಚರ್ ರಾಜೇಶ್ವರಿ, ರೇಸಿಗೆ ತಯಾರಾಗುವ ತನ್ನ ಶಾಲೆಯ ಹುಡುಗಿಯರ ಸೈಕಲ್ಲಿನ ಏನಾದರೊಂದು ರಿಪೇರಿ ಹಿಡಿದು ಬರುತ್ತಿದ್ದಳು. ಇಪ್ಪತ್ತು ವರ್ಷ ನಟ್ಟು ಬಿಗಿಯುವ ಪಾನಾ ಹಿಡಿದ ಕೈ, ಅವಳೆದುರು ಮಾತ್ರ ಪಾನಾ ಎಲ್ಲಿಟ್ಟೆ ಎಂದು ಹುಡುಕುತ್ತಿತ್ತು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಇಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಬಸ್ ಸ್ಟ್ಯಾಂಡಿನ ಚಹಾದವನಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಬೇಕಾದವನೇ ಹೇಳಿರಲಿಲ್ಲ.

ಆ ಶನಿವಾರ ಅವಳು ತಂದದ್ದು ನೆಲಕ್ಕೆ ನಿಲ್ಲಿಸಿ ಗಾಳಿ ಹೊಡೆಯುವ ಉದ್ದನೆಯ ಪಂಪು.

"ಹೊಡದು ಹೊಡದು ರಟ್ಟಿ ನೊಂದು ಹೋದ್ವು, ಗಾಳಿ ಮಾತ್ರ ಏರವಲ್ದು," ಎಂದಳು. "ನಂಬಿಗಿಂದು ಒಂದು ಹೊಸ ಪಂಪ್ ಆರಿಸಿ ಕೊಡ್ರಿ. ನನಗ ಮುದ್ದೇಬಿಹಾಳಕ್ಕ ವರ್ಗಾ ಆಗೇತಿ, ಸೋಮವಾರ ಹಾಜರಾಗಬೇಕು. ಅಲ್ಲಿ ಪಂಪ್ ಕೆಟ್ರ ನೀವು ಇರಂಗಿಲ್ಲ."

ಹೇಳುವುದಿದ್ದರೆ ಮುತ್ತುರಾಜ ಈಗಲೇ ಹೇಳಬೇಕಿತ್ತು. ಆದರೆ ಬಾಯಿಂದ ಬಂದದ್ದೇನು? "ಹೌದೇನ್ರಿ." ಅಷ್ಟೇ. ಊರಿಗೆಲ್ಲ ಬುದ್ಧಿ ಹೇಳುವ ಗಂಡಸು, ಇಲ್ಲಿ ಸಾಮಾನಿನ ಹಲಗೆಯ ಕಡೆ ತಿರುಗಿಕೊಂಡ.

ತಿರುಗಿದವ ಎರಡು ಹೊಸ ಪಂಪು ಕೆಳಗಿಳಿಸಿದ. "ಇದು ಮಿಂಚತೈತಿ ಖರೆ, ಕೊಳವಿ ಪ್ಲಾಸ್ಟಿಕ್ಕು. ನಮ್ಮ ಬಿಸಿಲಿಗೆ ಸೀಳತೈತಿ. ಇನ್ನೊಂದರ ಮೀಟರ್ ಚಂದ ಐತಿ, ಆದ್ರ ಒಳಗಿನ ವಾಷರ್ ಹೋದ್ರ ಬ್ಯಾರೆ ಸಿಗಂಗಿಲ್ಲ."

"ಮತ್ತ ಯಾವುದು ತಗೊಳ್ಳಿ?"

"ನಿಮ್ಮ ಹಳೇದ ಇಟ್ಕೋರಿ. ಕೊಳವಿ ಉಕ್ಕಿಂದು, ಕಾಲಿಡೂ ಪಟ್ಟಿ ಅಗಲ ಐತಿ, ಅಲುಗ್ಯಾಡಂಗಿಲ್ಲ. ಚರ್ಮದ ವಾಷರ್ ಒಣಗೇತಿ, ಅಷ್ಟ. ಅದೊಂದು ಬದಲಿ ಮಾಡಿದ್ರ ಹತ್ತು ವರ್ಷ ನನ್ನ ಕಡೆ ಬರೂದ ಬ್ಯಾಡ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು?

"ಹತ್ತು ವರ್ಷ," ಎಂದಳು ರಾಜೇಶ್ವರಿ ನಿಧಾನಕ್ಕೆ. ಅವಳ ಕಣ್ಣು ಅವನ ಮುಖದ ಮೇಲೆ ಏನೋ ಹುಡುಕಿತು, ಸಿಗದೆ ರಸ್ತೆಯ ಕಡೆ ಹೊರಳಿತು. "ಚಲೋ ಆತು ಬಿಡ್ರಿ."

ಔಡಲ ಎಣ್ಣೆಯಲ್ಲಿ ನೆನೆಸಿಟ್ಟಿದ್ದ, ಸಣ್ಣ ಬಟ್ಟಲಿನಂಥ ವಾಷರನ್ನು ಅವನು ಪಂಪಿನ ಸರಳಿಗೆ ಹಾಕಿ ಬಿಗಿದ. ಅಷ್ಟರಲ್ಲಿ ಅವಳ ಹುಟ್ಟೂರು ಮನಗೂಳಿಯ ಬಸ್ಸು ಹಾರ್ನ್ ಹೊಡೆಯಿತು. ಗಾಳಿ ಹೊಡೆದು ನೋಡುವುದಕ್ಕೂ ಪುರಸೊತ್ತಾಗಲಿಲ್ಲ. ಅವಳು ಪಂಪು ಎತ್ತಿಕೊಂಡು ಹೋಗಿಬಿಟ್ಟಳು.

ಆ ವಾರ ಅವನಿಗೆ ಅನ್ನ ಸೇರಲಿಲ್ಲ. "ಊಟದ ಮ್ಯಾಲ ಯಾರ ಸಿಟ್ಟು ತೋರಸಾಕತ್ತೀಪಾ?" ಎಂದು ಅವ್ವ ಸಾವಂತ್ರವ್ವ ಕೇಳಿದಳು. ತನ್ನ ಮೇಲಿನದೇ ಎಂದು ಹೇಗೆ ಹೇಳಿಯಾನು?

ಮರುಶನಿವಾರ ತಲೆಯೆತ್ತಿದರೆ, ಹೆಗಲ ಮೇಲೆ ಅದೇ ಪಂಪು ಹೊತ್ತು ರಾಜೇಶ್ವರಿ ಬಸ್ಸಿಳಿದು ಬರುತ್ತಿದ್ದಾಳೆ.

"ಹತ್ತು ವರ್ಷ ಅಂದಿದ್ರಿ. ಹತ್ತು ಸಲಾನೂ ಗಾಳಿ ಹೋಗಲಿಲ್ಲ."

ಅವನು ಪೈಪು ಒತ್ತಿ ನೋಡಿದ, ಸೀಳಿರಲಿಲ್ಲ. ತುದಿಯ ಕ್ಲಿಪ್ಪು ಗಟ್ಟಿಯಿತ್ತು. ಹಿಡಿಕೆ ಒತ್ತಿದರೆ ಸರಾಗ ಇಳಿಯಿತು, ಗಾಳಿಯೆಲ್ಲ ಮೇಲಿನಿಂದಲೇ ಹೊರಗೆ. ಮುಚ್ಚಳ ತಿರುವಿ ಸರಳು ಹೊರಗೆಳೆದವನ ಕಿವಿ ಬಿಸಿಯಾದವು. ಬಾಯಿ ಕೆಳಗಿರಬೇಕಾದ ವಾಷರು ಬಾಯಿ ಮೇಲೆ ಮಾಡಿ ಕೂತಿತ್ತು. ಕಲಿಯುವ ದಿನಗಳಲ್ಲೂ ಅವನು ಮಾಡದ ತಪ್ಪು.

"ನಾನೂ ಬಿಚ್ಚಿ ನೋಡೇನಿ," ಎಂದಳು ಅವಳು. ತುಟಿಯಂಚಿಗೆ ಬಂದ ನಗು ಕಣ್ಣಿಗೆ ಇನ್ನೂ ಏರಿರಲಿಲ್ಲ. "ಹ್ಯಾಂಗ ಹಾಕಬೇಕಂತ ನೀವ ಕಲಿಸೀರಿ. ಐದು ನಿಮಿಷದ ಕೆಲಸ. ಮಾಡಲಿಲ್ಲ. ಇದನ್ನ ಹೊತ್ತು ಇಂಡಿ ತನಕ ಬಂದೇನಿ. ಬೇಕಂತ ಹಾಕೀರೋ, ತಪ್ಪಿ ಹಾಕೀರೋ?"

"ತಪ್ಪೇತ್ರಿ," ಎಂದ ಮುತ್ತುರಾಜ. "ಬೇಕಂತ ಹಾಕೂವಷ್ಟು ಧೈರ್ಯ ಇದ್ದಿದ್ರ ಅವತ್ತ ಹೇಳ್ತಿದ್ನಿ."

"ಏನ್ ಹೇಳ್ತಿದ್ರಿ?"

ಅವನು ಕೈಯೊರೆಸುವ ಅರಿವೆಯನ್ನು ಕೆಳಗಿಟ್ಟ. "ನೀವು ಹೋಗ್ತೀರಿ ಅಂದ ಕೂಡಲೇ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಿಮ್ಮ ಮ್ಯಾಲ ಭಾಳ ಜೀವ ಐತ್ರಿ ನಂದು. ನೀವು ಇಲ್ಲದ ಶನಿವಾರ ನನಗ ಬ್ಯಾಡ."

ರಾಜೇಶ್ವರಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಎರಡು ವರ್ಷ ಆತು," ಎಂದಳು. "ಇಷ್ಟು ಕೇಳಾಕ ಎಷ್ಟು ಚೈನು ಬಿಗಿಸಿಕೊಂಡು ಹೋಗೇನಿ ನಾನು."

ಅವನು ವಾಷರು ತಿರುವಿ ಹಾಕಿದ. ಗೋಡೆಗಾನಿಸಿದ್ದ ಸೈಕಲ್ಲಿನ ಗಾಲಿಗೆ ಅವಳು ಪೈಪು ಹಚ್ಚಿ ಹಿಡಿದಳು, ಅವನು ಹೊಡೆದ. ನಾಲ್ಕೇ ಸಲಕ್ಕೆ ಗಾಲಿ ಗಟ್ಟಿಯಾಯಿತು.

ಬಸ್ಸಿನ ಹೊತ್ತಾಗಿತ್ತು. ಪಂಪು ಒರೆಸಿ ಅವಳ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಇಲ್ಲೇ ಇರ್ಲಿ. ನಾಳೆ ರವಿವಾರ, ನಾನು ಮನಗೂಳ್ಯಾಗ ಇರ್ತೇನಿ. ನಮ್ಮಪ್ಪನೂ ಮನ್ಯಾಗ ಇರ್ತಾನ. ನಿಮ್ಮ ಅವ್ವನ್ನ ಕರಕೊಂಡು ಬರ್ರಿ. ಬರುವಾಗ ಪಂಪ್ ತರೂದು ಮರೀಬ್ಯಾಡ್ರಿ."