ಬೀಗ ಬಿದ್ದ ನಾಟಕಗಳು

2009ರ ನವೆಂಬರ್ 9, ಸೋಮವಾರ ಬೆಳಿಗ್ಗೆ 10.40ಕ್ಕೆ ದಿಲ್ಲಿ ಜನಕಪುರಿಯ ತುಂಗಾ ಕಲಾಕೂಟದ ಕಾರ್ಯದರ್ಶಿ ಆದರ್ಶ್ ದೂರು ಹಿಡಿದು ಠಾಣೆಗೆ ಬಂದ.

"ಕೂಟದ ಕಂಪ್ಯೂಟರ್ ಹ್ಯಾಕ್ ಆಗಿದೆ ಸರ್. ಹಳೇ ನಾಟಕಗಳ ಫೋಲ್ಡರ್ ಓಪನ್ ಆಗ್ತಿಲ್ಲ. ಡಿಲೀಟೂ ಆಗ್ತಿಲ್ಲ."

"ಡಿಲೀಟ್ ಯಾಕೆ?"

"ರಾಜ್ಯೋತ್ಸವದ ವೀಡಿಯೊಗೆ ಜಾಗ ಬೇಕಲ್ಲ. ಕ್ಯಾಸೆಟ್ ಕಾಲದ್ದು, ಈಗ ಯಾರು ಕೇಳ್ತಾರೆ?"

ಇನ್‌ಸ್ಪೆಕ್ಟರ್ ಚಂದ್ರಮೋಹನ ದೂರಿನ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಬೆಳೆದ ಅವರು ಆ ನಾಟಕಗಳನ್ನು ಜಮಖಾನದ ಮೇಲೆ ಅಮ್ಮನ ಶಾಲಿನೊಳಗೆ ಮುದುಡಿ ಕೂತು ನೋಡಿದ್ದರು. ಅಂಥ ಚಳಿ, ಅಂಥ ನಗು ದಿಲ್ಲಿಗೆ ಮತ್ತೆ ಬಂದಿಲ್ಲವೆಂಬುದು ಅವರ ಖಚಿತ ಅಭಿಪ್ರಾಯ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕಾನ್‌ಸ್ಟೇಬಲ್ ಸುಮಿತ್ರಾ ಕಂಪ್ಯೂಟರ್ ಪರಿಶೀಲಿಸಿದಳು. ಕೂಟದವರೆಲ್ಲ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರು. ಪಾಸ್‌ವರ್ಡನ್ನು ಮಾನಿಟರಿಗೇ ಅಂಟಿಸಿದ್ದರು. ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕುವ ಬುದ್ಧಿವಂತರು.

"ಫೈಲ್ ಎಲ್ಲೂ ಹೋಗಿಲ್ಲ ಸರ್. ಎಲ್ಲರಿಗೂ ನಿಷೇಧ ಅಂತ ಗುರುತು ಹಾಕಿದ್ದಾರೆ."

"ಯಾರು?"

"ಪ್ರತಿ ಫೈಲಿಗೂ ಒಬ್ಬ ಮಾಲೀಕರಿರ್ತಾರೆ. ಅನುಮತಿ ಕೊಡೋದು, ತೆಗೆಯೋದು ಅವರ ಕೈಲಿರತ್ತೆ. ಇಲ್ಲಿ ಸರಳಾ ಅಂತ ಹೆಸರಿದೆ."

ಸರಳಮ್ಮ ಸಚಿವಾಲಯದ ದಾಖಲೆ ವಿಭಾಗದಿಂದ ನಿವೃತ್ತರಾದವರು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ಅವರೇ. ಮರುದಿನ 2.30ಕ್ಕೆ ಕೂಟದ ಕಚೇರಿಯಲ್ಲಿ ವಿಚಾರಣೆ ನಡೆಯಿತು.

"ಕೂಟದ ಲಾಗಿನ್ನಲ್ಲೇ ಮಾಡಬಹುದಿತ್ತಲ್ಲಮ್ಮ?"

"ಸಹಿ ಹಾಕದೆ ಫೈಲ್ ಮುಟ್ಟಿದವಳಲ್ಲಪ್ಪ ನಾನು. ನನ್ನ ಹೆಸರಿಗೇ ಬೇರೆ ಲಾಗಿನ್ ಮಾಡಿಸ್ಕೊಂಡಿದ್ದೆ."

"ಯಾಕೆ ಮಾಡಿದ್ರಿ?"

"ಎಪ್ಪತ್ತೆಂಟರ ನಾಟಕದಲ್ಲಿ ನಮ್ಮನೆಯವರ ದನಿ ಇದೆ. ಕ್ಯಾಸೆಟ್ ಬೂಷ್ಟು ಹಿಡಿದು ಹೋಯ್ತು. ಅಳಿಸಬೇಡ ಅಂದೆ. ಆದರ್ಶ, ಅಚ್ಛಾ ಆಂಟಿ ಅಂದ, ಮರೆತ."

ಚಂದ್ರಮೋಹನರಿಗೆ ಸರಳಮ್ಮನ ಗಂಡ ಕೆಂಪಣ್ಣನವರು ನೆನಪಾದರು. ಅಂಟಿಸಿದ ಮೀಸೆ ಕಳಚಿ ಬಿದ್ದರೂ ಮಾತು ನಿಲ್ಲಿಸದ, ಆ ನಾಟಕದ ದಿವಾನರು.

"ದಿನಾ ಕೇಳ್ತಿದ್ರಾ?"

"ಎಲ್ಲಿ? ಎಲ್ಲರಿಗೂ ಬೇಡ ಅಂತ ಒತ್ತಿದೆ. ಆ ಎಲ್ಲರಲ್ಲಿ ನಾನೂ ಇದ್ದೆ. ತಿಂಗಳಾಯ್ತು, ಸರಿಮಾಡೋದು ಗೊತ್ತಾಗಲಿಲ್ಲ."

4.10ಕ್ಕೆ ಇಬ್ಬರು ಪಂಚರ ಎದುರು, ಸರಳಮ್ಮನ ಲಾಗಿನ್ನಿನಿಂದಲೇ ಸುಮಿತ್ರಾ ನಿಷೇಧ ತೆಗೆದಳು. ಪಂಚನಾಮೆಗೆ ಎಪ್ಪತ್ತೆಂಟರ ನಾಟಕವನ್ನು ಒಂದು ನಿಮಿಷ ಕೇಳಿದ್ದರೆ ಸಾಕಿತ್ತು. ಇನ್‌ಸ್ಪೆಕ್ಟರ್ ಐವತ್ತು ನಿಮಿಷವೂ ಕೇಳಿಸಿದರು. ದಿವಾನರು ಗದರಿದಾಗ ಸರಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಂದ್ರಮೋಹನ ಪಂಚನಾಮೆಯ ಹಾಳೆಯತ್ತ ಬಾಗಿ, 'ಧ್ವನಿ ಸ್ಪಷ್ಟವಾಗಿದೆ' ಎಂದು ಬರೆದರು.

5.05ಕ್ಕೆ ಬಂಧನ, ಅಲ್ಲೇ ಜಾಮೀನು. ಕಂಪ್ಯೂಟರ್ ಜಪ್ತಿಯಾಯಿತು.

"ಇದು ಇನ್ನು ಸಾಕ್ಷ್ಯ, ಅಮ್ಮ. ಕೇಸು ಮುಗಿಯೋ ತನಕ ಯಾರೂ ಅಳಿಸೋ ಹಾಗಿಲ್ಲ."

"ಎಷ್ಟು ದಿನ ಆಗತ್ತೆ?"

"ದಿಲ್ಲಿ ಕೋರ್ಟು, ನಿಮಗೆ ಗೊತ್ತಲ್ಲ."

ನಲವತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದ ಸರಳಮ್ಮನಿಗೆ ಅರ್ಥವಾಯಿತು. ಬಂಧನ ಪತ್ರದಲ್ಲಿ ಪೂರ್ತಿ ಹೆಸರು ಬರೆದು, ಕೆಳಗೆ ತಾರೀಖು ಹಾಕಿದರು.